ಬಲಗಾಲಿಗೊಂದು ಬ್ಯಾಟರಿ

ಗೊಂದಲ ನನಗೆ ಹೊಸದೇನೂ ಅಲ್ಲ. ಸೀರೆ ಅಂಗಡಿಯಲ್ಲಿ ಹಸಿರೋ ನೀಲಿಯೋ ಎಂದು ತೀರ್ಮಾನವಾಗದೆ ಬರಿಗೈಯಲ್ಲಿ ವಾಪಸ್ಸು ಬಂದವಳು ನಾನು. ಕನ್ನಡ ಪಾಠ ಹೇಳುವ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಕೆಲವು ಸಮಾಸಗಳನ್ನು ಬಿಡಿಸುವಾಗ ಬೋರ್ಡಿನ ಕಡೆ ತಿರುಗಿ, ಸೀಮೆಸುಣ್ಣ ಮುರಿದ ಹಾಗೆ ನಟಿಸಿ, ಒಂದು ಗಳಿಗೆ ಯೋಚಿಸುತ್ತೇನೆ. ಆದರೆ ಈ ವರ್ಷ ಊಟದ ಡಬ್ಬಿಯಷ್ಟಿರುವ ಒಂದು ವಸ್ತು ನನ್ನನ್ನು ಕೆಡವಿದ ಗೊಂದಲಕ್ಕೆ ಹೋಲಿಸಿದರೆ ಅವೆಲ್ಲ ಏನೇನೂ ಅಲ್ಲ. ಆ ವಸ್ತು ಮೋಟಾರ್‌ಸೈಕಲ್ಲಿನ ಬ್ಯಾಟರಿ.

ಬ್ಯಾಟರಿ ಆರಿಸುವುದರಲ್ಲಿ ಗೊಂದಲ ಏನಿದೆ, ಅಂಗಡಿಗೆ ಹೋಗಿ ಗಾಡಿಯ ಹೆಸರು ಹೇಳಿದರೆ ಕೊಡುತ್ತಾರಲ್ಲ ಎಂದು ನೀವು ಕೇಳಬಹುದು. ತೊಂದರೆ ಇರುವುದು ಅಲ್ಲಿಯೇ. ನನ್ನ ಗಾಡಿಗೆ ಹೆಸರಿಲ್ಲ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನ್ನ ಬಲಗಾಲಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಯಿತು. ಅಂದಿನಿಂದ ಅದು ನನ್ನ ಜೊತೆ ಬರುತ್ತದೆ, ಆದರೆ ಕೆಲಸ ಮಾಡುವುದಿಲ್ಲ; ಕ್ಯಾಲಿಪರ್ ಎಂಬ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ಗಂಭೀರವಾಗಿ ನಿಲ್ಲುವುದಷ್ಟೇ ಅದರ ಉದ್ಯೋಗ. ಮನೆ ಸೂಲಿಬೆಲೆಯಲ್ಲಿ, ಕಾಲೇಜು ಹೊಸಕೋಟೆಯಲ್ಲಿ. ನಡುವೆ ಬಸ್ಸು. ಬಸ್ಸಿನಲ್ಲಿ ನನಗೆಂದು ಮೀಸಲಾದ ಸೀಟಿದೆ, ಅದರಲ್ಲಿ ಯಾವಾಗಲೂ ಬೇರೆ ಯಾರಾದರೂ ಕೂತಿರುತ್ತಾರೆ. ನನ್ನನ್ನು ನೋಡಿ ಎದ್ದರೆ ನನಗೆ ಮುಜುಗರ, ಏಳದಿದ್ದರೆ ಕೋಪ. ವರ್ಷಗಟ್ಟಲೆ ಈ ಎರಡರ ನಡುವೆ ತೂಗಾಡಿಕೊಂಡು ಹೊಸಕೋಟೆ ತಲುಪಿದ್ದೇನೆ.

ನಮ್ಮ ಯಜಮಾನರು, ಮುನಿರಾಜು, ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಅವರು ಬಹಳ ಹಿಂದೆಯೇ ಹೇಳಿದ್ದರು, ಹಿಂದೆ ಎರಡು ಪುಟ್ಟ ಚಕ್ರ ಕಟ್ಟಿಸಿದ ಸ್ಕೂಟರ್ ತೆಗೆದುಕೋ ಎಂದು. ಒಳ್ಳೆಯ ಸಲಹೆ, ಸುರಕ್ಷಿತ ಸಲಹೆ. ಆ ಗಾಡಿಯ ಮೇಲೆ ಎಷ್ಟೋ ಜನ ತಮ್ಮ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ನನಗೆ ಬೇಕಾಗಿದ್ದದ್ದು ಮೋಟಾರ್‌ಸೈಕಲ್. ಎಡಗಾಲಲ್ಲಿ ಗೇರು ಹಾಕುವ, ತಿರುವಿನಲ್ಲಿ ಒಂದಿಷ್ಟು ವಾಲುವ, ದಡದಡ ಸದ್ದು ಮಾಡುವ ಗಾಡಿ. ಯಾಕೆ ಎಂದು ಎಲ್ಲರೂ ಕೇಳಿದರು. ಬೇರೆಯವರು ಬೈಕು ಕೊಂಡರೆ ಯಾವ ಬಣ್ಣ ಎಂದು ಕೇಳುತ್ತಾರೆ, ನನ್ನಂಥವಳು ಕೊಂಡರೆ ಯಾಕೆ ಎಂದು ಕೇಳುತ್ತಾರೆ. ಇಷ್ಟ, ಅಷ್ಟೆ.

ಹೊಸಕೋಟೆಯಲ್ಲಿ ಫಯಾಜ್ ಎಂಬ ಮೆಕ್ಯಾನಿಕ್ ಇದ್ದಾರೆ. ಹಳೆಯ ಗಾಡಿಗಳನ್ನು ಬಿಚ್ಚಿ, ಕತ್ತರಿಸಿ, ಬೇರೆ ರೂಪ ಕೊಡುವುದರಲ್ಲಿ ಅವರಿಗೆ ಅಪಾರ ಸಂತೋಷ. ನನ್ನ ಬೇಡಿಕೆ ಕೇಳಿ ಅವರು ಯಾಕೆ ಎನ್ನಲಿಲ್ಲ. ಕಾಲು ನೆಲಕ್ಕೆ ಎಟುಕುತ್ತದಾ ಎಂದು ಮಾತ್ರ ಕೇಳಿದರು. ಆಮೇಲೆ ಒಂದು ಹಳೇ ಕಿಕ್ಕರ್ ಗಾಡಿಯನ್ನು ಹುಡುಕಿ ತಂದು ಕೆಲಸ ಶುರುಮಾಡಿದರು. ಬಲಗಾಲಿನ ಬ್ರೇಕನ್ನು ಮೇಲಕ್ಕೆ ತಂದು ಎಡಗೈಯ ಹತ್ತಿರ ಒಂದು ಸಣ್ಣ ಹಿಡಿಗೆ ಸೇರಿಸಿದರು. ಕಿಕ್ಕರ್ ನನ್ನ ಕ್ಯಾಲಿಪರಿಗೆ ಸಿಕ್ಕಿಕೊಳ್ಳುತ್ತಿದ್ದದ್ದರಿಂದ ಅದನ್ನು ಕಿತ್ತೇ ಹಾಕಿದರು. ಅದರ ಬದಲು ಅದೇ ಇಂಜಿನ್ನಿನ ಹೊಸ ಮಾದರಿಯೊಂದರಿಂದ ಸ್ಟಾರ್ಟರ್ ಮೋಟರು ತಂದು ಕೂರಿಸಿದರು. ಗುಂಡಿ ಒತ್ತಿದರೆ ಸ್ಟಾರ್ಟ್. ನನ್ನ ಎಡಗಾಲು ಚೆನ್ನಾಗಿ ನೆಲಕ್ಕೆ ಊರಬೇಕೆಂದು ಸೀಟನ್ನು ಕೆಳಕ್ಕೆ ಇಳಿಸಿದರು. ಮುಂದೆ ಬ್ಯಾಟರಿಯೂ ಕೂತ ಮೇಲೆ ಆರ್‌ಟಿಒ ಕಚೇರಿಯವರು ಗಾಡಿಯ ಸುತ್ತ ಹಲವು ಪ್ರದಕ್ಷಿಣೆ ಹಾಕಿ, ನನ್ನ ಕೈಲಿ ಎಂಟಿನಾಕಾರ ಓಡಿಸಿ, ಕೊನೆಗೆ ಒಪ್ಪಿಗೆಯನ್ನೂ ಕೊಟ್ಟರು.

ಸೀಟು ಕೆಳಗಿಳಿದದ್ದೇನೋ ಸರಿ. ಸೀಟಿನ ಕೆಳಗಿದ್ದ ಜಾಗ ಎಲ್ಲಿಗೆ ಹೋಗಬೇಕು? ಉಳಿದದ್ದು ಡಬ್ಬಿಯಷ್ಟು ಗೂಡು. ಬ್ಯಾಟರಿ ಆ ಗೂಡಿನಲ್ಲಿ ಹಿಡಿಸಬೇಕು, ತೂಕ ಹೆಚ್ಚಿರಬಾರದು, ಆದರೆ ಇಂಜಿನ್ನನ್ನು ಎಬ್ಬಿಸುವಷ್ಟು ಶಕ್ತಿ ಇರಬೇಕು. ಬೇರೆಯವರಿಗೆ ಬ್ಯಾಟರಿ ಎಂದರೆ ಒಂದು ಅನುಕೂಲ. ಕೈಕೊಟ್ಟರೆ ಕಿಕ್ ಹೊಡೆಯುತ್ತಾರೆ. ನನಗೆ ಹಾಗಲ್ಲ. ಗಾಡಿಯ ಮೇಲೆ ಕೂತಾಗ ಅದು ನನ್ನ ಬಲಗಾಲು. ಬಲಗಾಲನ್ನು ಅಂಗಡಿಯಲ್ಲಿ ಆರಿಸುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ನಾನು ಬಹಳ ಉತ್ಸಾಹದಿಂದ ಹೊರಟೆ.

ಅಂಗಡಿಯವರು, “ಯಾವ ಗಾಡಿ ಮೇಡಂ?” ಎಂದರು.

ಏನು ಹೇಳಲಿ? ಇಂಜಿನ್ ಒಂದರದು, ಮೋಟರು ಇನ್ನೊಂದರದು, ಟ್ಯಾಂಕು ಮತ್ತೊಂದರದು. “ಮಿಶ್ರ” ಎಂದೆ. ಅವರು ಗೋಡೆಯ ಮೇಲಿದ್ದ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ಮಿಶ್ರ ಎಂಬ ಗಾಡಿ ಇಲ್ಲವೆಂದು ತಿಳಿಸಿದರು. ಆಮೇಲೆ ಪ್ಲಸ್ಸು ಎಡಕ್ಕೆ ಬೇಕೋ ಬಲಕ್ಕೆ ಬೇಕೋ ಎಂದರು. ಇಂಥ ಪ್ರಶ್ನೆಗೂ ಉತ್ತರ ಸಿದ್ಧವಿಟ್ಟುಕೊಂಡು ಮನೆಯಿಂದ ಹೊರಡಬೇಕೆಂದು ನನಗೆ ಗೊತ್ತಿರಲಿಲ್ಲ. ಎಷ್ಟು ಎಎಚ್ ಎಂದರು. ಕ್ರ್ಯಾಂಕಿಂಗ್ ಎಷ್ಟಿರಬೇಕು ಎಂದರು. ನಾನು ಅರ್ಥವಾದವಳ ಹಾಗೆ ತಲೆಯಾಡಿಸಿ, ಮನೆಯಲ್ಲಿ ಕೇಳಿ ಬರುತ್ತೇನೆ ಎಂದು ಹೊರಬಂದೆ. ಸೀರೆ ಅಂಗಡಿಯಲ್ಲಿ ಹೇಳುವ ಮಾತೇ ಅಲ್ಲೂ ಉಪಯೋಗಕ್ಕೆ ಬಂತು.

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವರು ಕೇಶವಮೂರ್ತಿ ಸರ್. ಅವರನ್ನು ಕೇಳಿದೆ. ಅವರು ಸಂತೋಷದಿಂದ ನೀರಿನ ಟ್ಯಾಂಕಿನ ಚಿತ್ರ ಬರೆದರು. “ಎಎಚ್ ಅಂದ್ರೆ ಟ್ಯಾಂಕಲ್ಲಿ ಎಷ್ಟು ನೀರಿದೆ ಅಂತ. ಕ್ರ್ಯಾಂಕಿಂಗ್ ಅಂದ್ರೆ ಪೈಪು ಎಷ್ಟು ದಪ್ಪ ಇದೆ ಅಂತ. ನಿಮ್ಗೆ ಒಂದು ಕ್ಷಣ ಜೋರಾಗಿ ನೀರು ಬಂದ್ರೆ ಸಾಕು. ಟ್ಯಾಂಕು ಚಿಕ್ಕದಿರ್ಲಿ, ಪೈಪು ದಪ್ಪ ಇರ್ಲಿ.” ಆಹಾ, ಎಷ್ಟು ಸ್ಪಷ್ಟ ಎಂದುಕೊಂಡು ಮನೆಗೆ ಬಂದೆ. ಮನೆಯಲ್ಲಿ ಯಜಮಾನರಿಗೆ ವಿವರಿಸಿದೆ. ಅವರು ಒಂದಿಷ್ಟು ಹೊತ್ತು ಯೋಚಿಸಿ, “ಹಾಲಿನ ಥರ ಅನ್ನು. ಲೀಟರ್ ಬೇರೆ, ಫ್ಯಾಟ್ ಬೇರೆ. ಎಮ್ಮೆ ಹಾಲು ಒಂದು ಲೋಟ ಆದ್ರೂ ಗಟ್ಟಿ” ಎಂದರು. ಅದೂ ಸ್ಪಷ್ಟವಾಗಿಯೇ ಇತ್ತು. ಆದರೆ ರಾತ್ರಿ ಮಲಗುವ ಹೊತ್ತಿಗೆ ನನ್ನ ತಲೆಯಲ್ಲಿ ದಪ್ಪ ಪೈಪಿನಿಂದ ಎಮ್ಮೆ ಹಾಲು ಸುರಿಯತೊಡಗಿ ಎರಡು ಸ್ಪಷ್ಟತೆಗಳೂ ಕಲಸಿಹೋದವು.

ಅಂತರ್ಜಾಲದಲ್ಲಿ ನೋಡಿದೆ. ಒಬ್ಬ ಗಡ್ಡದ ಮನುಷ್ಯ ಲಿಥಿಯಂ ಬ್ಯಾಟರಿಯನ್ನು ಒಂದು ಬೆರಳಿನಲ್ಲಿ ಎತ್ತಿ ತೋರಿಸಿ ಇದಕ್ಕಿಂತ ಹಗುರ ಯಾವುದೂ ಇಲ್ಲವೆಂದ. ಮುಂದಿನ ವಿಡಿಯೋದಲ್ಲಿ ಇನ್ನೊಬ್ಬ ಗಡ್ಡದವ ಅದೇ ಬ್ಯಾಟರಿಯಿಂದ ಹೊಗೆ ಬರುವುದನ್ನು ತೋರಿಸಿದ. ಹಳೆಯ ಗಾಡಿಯ ಚಾರ್ಜಿಂಗಿಗೂ ಲಿಥಿಯಂಗೂ ಹೊಂದಾಣಿಕೆ ಸಾಲದು ಎಂದೊಬ್ಬ, ರೆಗ್ಯುಲೇಟರ್ ಬದಲಾಯಿಸಿದರೆ ಆಯಿತು ಎಂದಿನ್ನೊಬ್ಬ. ಚಳಿಗೆ ಅದು ಬೇಗ ಏಳುವುದಿಲ್ಲವೆಂದು ಮತ್ತೊಬ್ಬ ಹೇಳಿದಾಗ ನನಗೆ ಅದರ ಮೇಲೆ ಒಂದಿಷ್ಟು ಪ್ರೀತಿ ಹುಟ್ಟಿತು. ಧನುರ್ಮಾಸದಲ್ಲಿ ನಾನೂ ಬೇಗ ಏಳುವವಳಲ್ಲ.

ಗೊಂದಲವಾದಾಗ ನಿಘಂಟು ತೆಗೆಯುವುದು ನನ್ನ ಚಾಳಿ. ಬ್ಯಾಟರಿಗೆ ಪಠ್ಯಪುಸ್ತಕದ ಕನ್ನಡದಲ್ಲಿ ವಿದ್ಯುತ್ಕೋಶ ಎನ್ನುತ್ತಾರೆ. ಅಂಗಡಿಯಲ್ಲಿ ಹಾಗೆ ಕೇಳಿದರೆ ಪಕ್ಕದ ಪುಸ್ತಕದಂಗಡಿ ತೋರಿಸಿಯಾರು. ಈ ಕೋಶ ಎಂಬುದು ಬಹಳ ಉದಾರವಾದ ಪದ. ಅರಸನ ಬೊಕ್ಕಸವೂ ಕೋಶ, ಶಬ್ದಗಳನ್ನು ಕೂಡಿಟ್ಟದ್ದೂ ಕೋಶ, ಕತ್ತಿಯ ಒರೆಯೂ ಕೋಶ, ಹೂವಿನ ಮೊಗ್ಗೂ ಕೋಶ. ನಮ್ಮ ಕಡೆ ಚಂದ್ರಿಕೆ ಎಂಬ ಬಿದಿರಿನ ತಟ್ಟೆಯಲ್ಲಿ ಹುಳು ಕಟ್ಟುವ ರೇಷ್ಮೆ ಗೂಡು ಕೂಡ ಕೋಶವೇ. ಒಳಗೆ ಏನೋ ಇದೆ, ಹೊರಗಿನಿಂದ ಕಾಣುವುದಿಲ್ಲ ಎನ್ನುವುದೊಂದೇ ಇವಕ್ಕೆಲ್ಲ ಸಮಾನ. ಇಷ್ಟು ತಿಳಿದುಕೊಂಡು ಬಹಳ ಹೆಮ್ಮೆಯಾಯಿತು. ಎಷ್ಟು ಎಎಚ್ ಎಂಬುದು ಮಾತ್ರ ತಿಳಿಯಲಿಲ್ಲ.

ಫಯಾಜ್ ಕೂಡ ನನ್ನಷ್ಟೇ ಗೊಂದಲದಲ್ಲಿದ್ದರು. ಆದರೆ ಅವರದು ಧೈರ್ಯದ ಗೊಂದಲ. “ದೊಡ್ಡದೇ ಹಾಕ್ಬಿಡಾಣ ಅಕ್ಕಾ. ಒಳಗೆ ಹಿಡ್ಸಲ್ಲ ಅಂದ್ರೆ ಆಚೆ ಹಾಕಾಣ” ಎಂದು ಒಂದು ತೂಕದ ಬ್ಯಾಟರಿ ತಂದು, ಗಾಡಿಯ ಬಲಪಕ್ಕದಲ್ಲಿ ತಂತಿಯ ಬುಟ್ಟಿ ಮಾಡಿ, ಹಾಲಿನ ಕ್ಯಾನು ಕಟ್ಟಿದ ಹಾಗೆ ಕಟ್ಟಿದರು. ಗುಂಡಿ ಒತ್ತಿದೆ. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಇಬ್ಬರೂ ಕುಣಿದಾಡುವಷ್ಟು ಖುಷಿಪಟ್ಟೆವು. ಗ್ಯಾರೇಜಿನ ಅಂಗಳದಲ್ಲೇ ಒಂದು ಸುತ್ತು ಬಂದು ನಿಲ್ಲಿಸಿದೆ. ನಿಲ್ಲಿಸುವಾಗ ನಾನು ಯಾವಾಗಲೂ ಗಾಡಿಯನ್ನು ಎಡಕ್ಕೆ ವಾಲಿಸಿ ಎಡಗಾಲು ಊರಬೇಕು. ಗಾಡಿ ಮಾತ್ರ ಬ್ಯಾಟರಿ ಇದ್ದ ಕಡೆಗೆ, ಬಲಕ್ಕೆ, ಬಹಳ ನಿಧಾನವಾಗಿ, ಮಧ್ಯಾಹ್ನದ ತರಗತಿಯಲ್ಲಿ ನಿದ್ದೆಗೆ ಜಾರುವ ಹುಡುಗನ ತಲೆಯ ಹಾಗೆ, ವಾಲತೊಡಗಿತು. ಆ ಕಡೆ ಊರಲು ನನ್ನಲ್ಲಿ ಏನೂ ಇರಲಿಲ್ಲ. ಫಯಾಜ್ ಓಡಿಬಂದು ಹಿಡಿದರು. ನಾನು, ಗಾಡಿ, ಫಯಾಜ್ ಮೂವರೂ ಮರಳಿನ ಮೇಲೆ ಮಲಗಿದೆವು.

ಮೊಣಕೈ ತರಚಿದ್ದನ್ನು ದುಪ್ಪಟ್ಟಾದಲ್ಲಿ ಮುಚ್ಚಿಕೊಂಡು ಮನೆಗೆ ಹೋದೆ. ಯಜಮಾನರು ನೋಡಿಯೇಬಿಟ್ಟರು. ಅರಿಸಿನ ಹಚ್ಚುತ್ತಾ ಒಂದೇ ಪದ ಹೇಳಿದರು. “ಸ್ಕೂಟ್ರು.”

“ಇನ್ನೊಂದ್ಸಲ ನೋಡ್ತೀನಿ ರೀ” ಎಂದೆ.

ಈ ಸಲ ಚಿಕ್ಕದನ್ನೇ ಹುಡುಕಿದೆವು. ಗೂಡಿನ ಅಳತೆಗೆ ಥರ್ಮಾಕೋಲ್ ಕತ್ತರಿಸಿಕೊಂಡು, ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಅಂಗಡಿ ಅಂಗಡಿ ತಿರುಗಿದೆ. ವಧುವಿನ ಬಳೆಯ ಅಳತೆ ಹಿಡಿದು ಹೋಗುವ ಹಾಗೆ. ಕೊನೆಗೆ ಒಂದು ಪುಟಾಣಿ ಸಿಕ್ಕಿತು. ಪೂರ್ತಿ ಮುಚ್ಚಿದ್ದು, ಅಡ್ಡ ಮಲಗಿಸಿದರೂ ಸೋರದ್ದು. ಕೇಶವಮೂರ್ತಿ ಸರ್ ಪೈಪು ದಪ್ಪ ಇದೆ ಎಂದರು. ಅಂಗಡಿಯವರು ಇದು ಸಾಲದೆಯೂ ಹೋಗಬಹುದು ಎಂದರು. ಫಯಾಜ್ ನೋಡೋಣ ಎಂದರು. ನಾನು ಮೂವರ ಮಾತನ್ನೂ ನಂಬಿ ಹಾಕಿಸಿದೆ. ಫಯಾಜ್ ಹೆಡ್‌ಲೈಟು, ಹಾರನ್ನು, ಹಿಂದಿನ ಬ್ರೇಕ್ ಲೈಟು ಎಲ್ಲವನ್ನೂ ಹತ್ತಿಸಿ ನೋಡಿ, “ಎಲ್ಲಾ ಬರ್ತೈತೆ ಅಕ್ಕಾ, ಹೋಗ್ಬನ್ನಿ” ಎಂದರು.

ಅದಾದ ಮೇಲಿನ ಕೆಲವು ವಾರಗಳ ಬಗ್ಗೆ ಹೆಚ್ಚು ಬರೆದರೆ ಜಂಬ ಎನಿಸೀತು. ಬೆಳಗ್ಗೆ ಸೂಲಿಬೆಲೆ ಬಿಟ್ಟರೆ ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರ, ಗುಲಾಬಿ ಬೆಳೆಯುವ ಬಿಳಿ ಪ್ಲಾಸ್ಟಿಕ್ ಮನೆಗಳು, ಅಲ್ಲಲ್ಲಿ ಲೇಔಟಿನವರು ನೆಟ್ಟ ಕಲ್ಲುಗಳು. ಇದೇ ರಸ್ತೆಯಲ್ಲಿ ಅಷ್ಟು ವರ್ಷ ಬಸ್ಸಿನಲ್ಲಿ ಓಡಾಡಿದ್ದೆ. ಈ ದಾರಿಯಲ್ಲಿ ಒಂದು ಸಣ್ಣ ಏರಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಗೇರು ಇಳಿಸಿದಾಗ ಗೊತ್ತಾಯಿತು. ಮೈಯಲ್ಲಿ ಒಂದು ಬಗೆಯ ನಗು ಹರಡುತ್ತಿತ್ತು. ಹೆಲ್ಮೆಟ್ಟಿನೊಳಗೆ ಹಾಡುತ್ತಿದ್ದೆ. ಕಾಲೇಜಿನ ಗೇಟಿನಲ್ಲಿ ಮಕ್ಕಳು ದಾರಿ ಬಿಟ್ಟು ನಿಲ್ಲುತ್ತಿದ್ದರು. ಹಿಂದೆ ಕರುಣೆಯಿಂದ ಬಿಡುತ್ತಿದ್ದರು, ಈಗ ಭಯದಿಂದ. ಭಯವೇ ಹಿತವಾಗಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಪ್ರಿನ್ಸಿಪಾಲರ ಫೋನು ಬಂತು. ರಸ್ತೆ ಪಕ್ಕಕ್ಕೆ ಸರಿದು, ಗಾಡಿ ಆರಿಸಿ ಮಾತಾಡಿದೆ. ಮಾತು ಮುಗಿಸಿ ಗುಂಡಿ ಒತ್ತಿದೆ. ಟಕ್. ಮತ್ತೆ ಒತ್ತಿದೆ. ಟಕ್ ಟಕ್. ಆಮೇಲೆ ಆ ಟಕ್ಕೂ ಇಲ್ಲ.

ಅಂಥ ಮೌನವನ್ನು ನಾನು ಕೇಳಿರಲಿಲ್ಲ. ತಳ್ಳಿಕೊಂಡು ಓಡಿ ಗೇರಿಗೆ ಹಾಕಿದರೆ ಎದ್ದೇಳುತ್ತದೆ ಎಂದು ಫಯಾಜ್ ಹೇಳಿದ್ದರು. ಓಡುವುದು! ಗಾಡಿಯಿಂದ ಇಳಿದರೆ ಅದನ್ನು ಹಿಡಿದು ನಿಲ್ಲುವುದೂ ಕಷ್ಟ. ಫಯಾಜಿಗೆ ಫೋನು ಮಾಡಿದೆ, ಎತ್ತಲಿಲ್ಲ. ಯಜಮಾನರ ಹೆಸರಿನ ಮೇಲೆ ಬೆರಳು ಇಟ್ಟೆ. ಅವರು ತಕ್ಷಣ ಬರುತ್ತಾರೆ, ಒಂದು ಮಾತೂ ಬೈಯುವುದಿಲ್ಲ ಎಂದು ಗೊತ್ತಿತ್ತು. ಬೈಯದೆ ಇರುವುದೇ ನನಗೆ ಹೆದರಿಕೆ. ಫೋನನ್ನು ಚೀಲಕ್ಕೆ ಹಾಕಿದೆ. ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು. ನಾನು ಒಂದು ಕಾಲು ಊರಿಕೊಂಡು, ಯಾರಿಗಾಗಿಯೋ ಕಾಯುತ್ತಿರುವವಳ ಹಾಗೆ ಮುಖ ಮಾಡಿಕೊಂಡು ಕೂತೆ. ಒಳಗೆ ಅಳು ಬರುತ್ತಿತ್ತು.

ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಟಿದ್ದ ಹೆಂಗಸರ ಗುಂಪೊಂದು ಆ ಕಡೆ ಬಂತು. ಗಂಡಸರ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಕೈಯಲ್ಲಿ ಬುತ್ತಿಯ ಗಂಟು ಹಿಡಿದವರು. ಅವರಲ್ಲಿ ಹಿರಿಯಾಕೆ ನಿಂತು ನೋಡಿದಳು.

“ಯಾಕವ್ವಾ, ಗಾಡಿ ಕೆಟ್ಟೋಯ್ತಾ?”

“ಸ್ಟಾರ್ಟ್ ಆಗ್ತಿಲ್ಲಮ್ಮ. ತಳ್ಬೇಕು. ನನ್ ಕೈಲಿ ಆಗಲ್ಲ.”

ಆಕೆ ನನ್ನ ಕ್ಯಾಲಿಪರ್ ನೋಡಿದಳು, ಕಿಕ್ಕರ್ ಇಲ್ಲದ ಗಾಡಿ ನೋಡಿದಳು. “ನಿಮ್ ಯಜಮಾನ್ರು ಓಡ್ಸಲ್ವಾ?” ಎಂದು ಕೇಳಿದಳು. ಓಡಿಸ್ತಾರೆ, ಇದು ನನ್ನ ಗಾಡಿ ಎಂದೆ. ಆಕೆಗೆ ಆ ಉತ್ತರ ಯಾಕೋ ಬಹಳ ಹಿಡಿಸಿತು. ಬುತ್ತಿಯ ಗಂಟನ್ನು ಮೈಲಿಗಲ್ಲಿನ ಮೇಲಿಟ್ಟು, “ಬನ್ರೇ, ತಳ್ಳಾಣ. ಅವ್ವ ಮೇಲೇ ಕೂತ್ಕಂಡಿರ್ಲಿ” ಎಂದು ಕೂಗಿದಳು.

ನಾನು ಎರಡನೇ ಗೇರಿಗೆ ಹಾಕಿ ಕ್ಲಚ್ ಹಿಡಿದು ಕೂತೆ. ಅವರೆಲ್ಲ ಹಿಂದಿನಿಂದ ಕೈಹಾಕಿ ತಳ್ಳುತ್ತಾ, ನಗುತ್ತಾ, ಒಬ್ಬರನ್ನೊಬ್ಬರು ಬೈಯುತ್ತಾ ಓಡಿದರು. ಬಳೆಗಳ ಸದ್ದು ಹೆಚ್ಚಾಗುತ್ತಾ ಹೋಯಿತು. ಕ್ಲಚ್ ಬಿಟ್ಟೆ. ಗಾಡಿ ಒಮ್ಮೆ ಮುಗ್ಗರಿಸಿ, ಕೆಮ್ಮಿ, ಎದ್ದು ಓಡಿತು. ಹಿಂದೆ ಹೋ ಎಂದು ಕೇಕೆ. ನಿಲ್ಲಿಸಿದರೆ ಮತ್ತೆ ಆರೀತೆಂಬ ಭಯ. ತಿರುಗಿ ನೋಡಲೂ ಆಗಲಿಲ್ಲ. ಬೆನ್ನು ಮಾಡಿಕೊಂಡೇ, “ತುಂಬಾ ಥ್ಯಾಂಕ್ಸಮ್ಮಾ” ಎಂದು ಗಾಳಿಗೆ ಕಿರುಚಿದೆ. ಉಪಕಾರ ಮಾಡಿದವರಿಂದ ಅಷ್ಟು ವೇಗವಾಗಿ ದೂರ ಹೋದದ್ದು ಅದೇ ಮೊದಲು.

ಇದನ್ನು ಕೇಳಿದ ಕೇಶವಮೂರ್ತಿ ಸರ್, “ನೋಡಿ ಮೇಡಂ, ಜಗತ್ತಿನಲ್ಲಿ ಒಳ್ಳೆಯವರಿದ್ದಾರೆ” ಎಂದು ಭಾವುಕರಾದರು. ಇದ್ದಾರೆ. ನಾನು ಅವರಿಗೆ ಋಣಿ. ಆದರೆ ಪ್ರತಿದಿನ ಒಳ್ಳೆಯವರನ್ನು ಹುಡುಕಿಕೊಂಡು ಕಾಲೇಜಿಗೆ ಹೋಗಲು ನನಗಿಷ್ಟವಿಲ್ಲ. ಬಸ್ಸಿನಲ್ಲಿ ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ಲವೇ?

ಫಯಾಜ್ ಬ್ಯಾಟರಿಗೆ ಚಾರ್ಜ್ ಹಾಕಿ ಸಂಜೆಗೆ ಸರಿಮಾಡಿ ಕೊಟ್ಟರು. ಆದರೆ ಕಾರಣ ಅವರಿಗೂ ಹೊಳೆಯಲಿಲ್ಲ. ಬ್ಯಾಟರಿ ಚಿಕ್ಕದಾಯಿತು ಎಂದರು. ಲಿಥಿಯಂ ಹಾಕಿದರೆ ಎಂದು ಕೇಳಿದೆ. ಅದಕ್ಕೆ ಚಾರ್ಜಿಂಗ್ ಎಲ್ಲ ಬದಲಾಯಿಸಬೇಕು, ಆಗಲೂ ಇದೇ ಆಗಲ್ಲ ಅಂತ ಹೇಳಕ್ಕಾಗಲ್ಲ ಅಕ್ಕಾ ಎಂದರು. ದೊಡ್ಡದು ಹಾಕಿದರೆ ಬೀಳುತ್ತೇನೆ, ಚಿಕ್ಕದು ಹಾಕಿದರೆ ದಾರಿಯಲ್ಲಿ ನಿಲ್ಲುತ್ತೇನೆ. ಮನೆಗೆ ಬಂದು ಊಟಕ್ಕೆ ಕೂತಾಗ ನನಗೆ ಸಾಕಾಗಿಹೋಗಿತ್ತು. ಮುದ್ದೆ ಮುರಿಯುತ್ತಾ ಹೇಳಿದೆ, “ರೀ, ನೀವು ಹೇಳಿದ್ದೇ ಸರಿ. ಈ ಗಾಡಿ ಕೊಟ್ಬಿಡಾಣ. ಆ ಸ್ಕೂಟ್ರೇ ನೋಡಿ.”

ಅವರು ಗೆದ್ದಿದ್ದರು. ಇಷ್ಟು ದಿನದಿಂದ ಹೇಳುತ್ತಿದ್ದ ಮಾತು ನನ್ನ ಬಾಯಲ್ಲೇ ಬಂದಿತ್ತು. ಸುಮ್ಮನೆ ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ಅವರು ಸಾರು ಬಡಿಸಿಕೊಳ್ಳುತ್ತಾ, ನನ್ನ ಮುಖ ನೋಡದೆ ಕೇಳಿದರು.

“ಅಲ್ಲ ಪುಷ್ಪಾ, ನೀನ್ಯಾಕೆ ದಾರಿ ಉದ್ದಕ್ಕೂ ಬ್ರೇಕ್ ಹಿಡ್ಕೊಂಡೇ ಹೋಗ್ತೀಯ?”

“ನಾನೆಲ್ಲಿ ಹಿಡ್ಕೊಂಡು ಹೋಗ್ತೀನಿ?”

“ಹಿಂದ್ಗಡೆ ಕೆಂಪು ಲೈಟು ಹತ್ಕೊಂಡೇ ಇರುತ್ತಲ್ಲ. ಇಲ್ಲಿಂದ ಹೊಸಕೋಟೆ ತನಕ. ಭಯಕ್ಕೆ ಹಿಡ್ಕೊಂಡಿರ್ತೀಯ ಅಂದ್ಕೊಂಡೆ. ಹೇಳಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ.”

ನಾನು ತಟ್ಟೆಯಿಂದ ಕೈ ಎತ್ತಿದೆ. “ಇಲ್ಲಿಂದ ಹೊಸಕೋಟೆ ತನಕ ಅಂತ ನಿಮ್ಗೆ ಹೆಂಗೆ ಗೊತ್ತು?”

ನಮ್ಮ ಯಜಮಾನರು ಸುಳ್ಳು ಹೇಳುವ ಪ್ರಯತ್ನ ಮಾಡುವಾಗ ಕಿವಿ ಕೆಂಪಾಗುತ್ತದೆ. ಕೆಂಪಾಯಿತು. ಆಮೇಲೆ ಪ್ರಯತ್ನ ಬಿಟ್ಟರು.

ಬೆಳಗಿನ ಹಾಲು ಮುಗಿದ ಕೂಡಲೇ ಅವರು ತಮ್ಮ ಗಾಡಿ ತೆಗೆದುಕೊಂಡು ದಿನವೂ ನನ್ನ ಹಿಂದೆ ಬರುತ್ತಿದ್ದರಂತೆ. ಕನ್ನಡಿಯಲ್ಲಿ ಗುರುತು ಸಿಗದಷ್ಟು ದೂರದಲ್ಲಿ. ನಾನು ಕಾಲೇಜಿನ ಗೇಟು ದಾಟಿದ ಮೇಲೆ ವಾಪಸ್ಸು.

“ಹಂಗಾದ್ರೆ ಇವತ್ತು?”

“ಇದ್ದೆ. ಪಂಪ್‌ಸೆಟ್ ಮನೆ ಹತ್ರ ನಿಂತಿದ್ದೆ.” ಮುದ್ದೆಯನ್ನು ಸಾರಿನಲ್ಲಿ ಅದ್ದುತ್ತಾ ಹೇಳಿದರು. “ಫೋನು ಕೈಯಲ್ಲೇ ಹಿಡ್ಕೊಂಡಿದ್ದೆ. ನೀನು ಮಾಡ್ಲಿಲ್ಲ.”

ನನಗೆ ಮೊದಲು ಬಂದದ್ದು ಕೋಪ. ಒಬ್ಬಳೇ ಹೋಗುತ್ತಿದ್ದೇನೆ ಎಂದು ಹಾಡಿಕೊಂಡು ಹೋದ ಅಷ್ಟೂ ಬೆಳಗುಗಳಲ್ಲಿ ನಾನು ಒಬ್ಬಳೇ ಇರಲಿಲ್ಲ! ಬೈದೆ. ಚೆನ್ನಾಗಿಯೇ ಬೈದೆ. ಅವರು ತಟ್ಟೆ ನೋಡುತ್ತಾ ಕೇಳಿಸಿಕೊಂಡರು. “ಮತ್ತೆ ಬಂದು ತಳ್ಬೇಕಾಗಿತ್ತು ತಾನೆ?” ಎಂದೂ ಬೈದೆ. “ತಳ್ಳಿದ್ರೆ ಹಿಂದೆ ಬಂದಿದ್ದಕ್ಕೆ ಬೈತಿದ್ದೆ” ಎಂದರು. ಅದು ನಿಜವಾದ್ದರಿಂದ ಬೈಗುಳ ಅಲ್ಲಿಗೆ ನಿಂತಿತು. ಪಂಪ್‌ಸೆಟ್ ಮನೆಯ ಗೋಡೆಗೆ ಒರಗಿ, ಹೆಂಡತಿಯನ್ನು ಬೇರೆ ಹೆಂಗಸರು ತಳ್ಳಿಕೊಂಡು ಹೋಗುವುದನ್ನು ನೋಡುತ್ತಾ, ಕರೆಯದ ಫೋನನ್ನು ಹಿಡಿದು ನಿಂತ ಈ ಮನುಷ್ಯನ ಚಿತ್ರ ನನ್ನ ಕಣ್ಣ ಮುಂದೆ ಬಂತು. ನಗು ಬಂತೋ ಅಳು ಬಂತೋ ಈಗಲೂ ಖಚಿತವಿಲ್ಲ. ಈ ಗೊಂದಲಕ್ಕೆ ನಿಘಂಟು ತೆಗೆಯಲು ಹೋಗಲಿಲ್ಲ.

ಊಟದ ಕೈ ತೊಳೆದು ಇಬ್ಬರೂ ಅಂಗಳಕ್ಕೆ ಹೋದೆವು. ಕೀಲಿ ತಿರುಗಿಸಿದೆ. ಯಾವ ಬ್ರೇಕನ್ನೂ ಮುಟ್ಟಲಿಲ್ಲ. ಹಿಂದಿನಿಂದ ಅವರು, “ಹತ್ಕೊಂಡೈತೆ ನೋಡು” ಎಂದರು. ಗೋಡೆಯ ಮೇಲೆ ಕೆಂಪು ಬೆಳಕು ಬಿದ್ದಿತ್ತು.

ಮಾರನೆಯ ದಿನ ಫಯಾಜ್ ಬಿಚ್ಚಿ ನೋಡಿ ಹಣೆ ಚಚ್ಚಿಕೊಂಡರು. ಬ್ರೇಕನ್ನು ಕಾಲಿನಿಂದ ಕೈಗೆ ತಂದಾಗ ಅದರ ಲೈಟಿನ ಸ್ವಿಚ್ಚನ್ನೂ ತಂದಿದ್ದರು. ಅದು ಅಲ್ಲಿ ಒತ್ತಿಕೊಂಡೇ ಕೂತಿತ್ತು. ಮೊದಲೇ ಆ ಹಳೇ ಗಾಡಿಯ ಚಾರ್ಜಿಂಗ್ ಬಡಪಾಯಿ. ದಾರಿಯುದ್ದಕ್ಕೂ ಉರಿಯುವ ಆ ಲೈಟಿಗೆ ಹೋಗಿ ಉಳಿದದ್ದರಲ್ಲಿ ಬ್ಯಾಟರಿಯ ಹೊಟ್ಟೆ ತುಂಬುತ್ತಿರಲಿಲ್ಲ. ದಿನದಿನಕ್ಕೆ ಒಂದಿಷ್ಟು ಸೊರಗಿ ಅವತ್ತು ಕೈಚೆಲ್ಲಿತ್ತು. ಲೈಟು ಹತ್ತುತ್ತದೆಯೇ ಎಂದು ನಾವೆಲ್ಲ ಪರೀಕ್ಷೆ ಮಾಡಿದ್ದೆವು. ಆರುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ನೋಡಿದ್ದವರು ಒಬ್ಬರೇ, ಅವರು ಅದನ್ನು ನನ್ನ ಭಯ ಎಂದುಕೊಂಡು ಬಚ್ಚಿಟ್ಟಿದ್ದರು.

ಸ್ವಿಚ್ಚು ಸರಿಹೋಯಿತು. ಪುಟಾಣಿ ಬ್ಯಾಟರಿ ಈಗ ಗುಂಡಿ ಮುಟ್ಟಿದರೆ ಇಂಜಿನ್ನನ್ನು ಎಬ್ಬಿಸುತ್ತದೆ. ಹಾಗಾದರೆ ನಾನು ಆರಿಸಿದ್ದು ಸರಿಯಾದ ಬ್ಯಾಟರಿಯೇ? ಕೇಶವಮೂರ್ತಿ ಸರ್ ಹೌದೆನ್ನುತ್ತಾರೆ, ಅಂಗಡಿಯವರು ಚಳಿಗಾಲ ಬರಲಿ ನೋಡೋಣ ಎನ್ನುತ್ತಾರೆ, ಫಯಾಜ್ ಲಿಥಿಯಂ ಬಗ್ಗೆ ಹೊಸದೊಂದು ವಿಡಿಯೋ ಕಳಿಸಿದ್ದಾರೆ. ನನಗೆ ಗೊತ್ತಿಲ್ಲ. ಗೊತ್ತಿಲ್ಲದೆಯೇ ದಿನವೂ ಓಡಾಡುತ್ತಿದ್ದೇನೆ. ಯಜಮಾನರು ಹಿಂದೆ ಬರುವುದನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದ್ದೇನೆ ಎಂದು ಹೇಳುವಾಗ ಅವರ ಕಿವಿಯ ಬಣ್ಣ ನೋಡಿದ್ದೇನೆ, ಪರವಾಗಿಲ್ಲ, ಕಪ್ಪಗೇ ಇತ್ತು.

ಮೊನ್ನೆ ದೇವನಹಳ್ಳಿ ಕಡೆಯ ಒಬ್ಬಾಕೆ ಫೋನು ಮಾಡಿದ್ದರು. ಹೆಸರು ಸವಿತಾ. ಅಪಘಾತದಲ್ಲಿ ಕಾಲಿನ ಬಲ ಕಳೆದುಕೊಂಡವರು. ಫಯಾಜ್ ಹತ್ತಿರ ನನ್ನ ಗಾಡಿಯಂಥದ್ದೇ ಒಂದನ್ನು ಮಾಡಿಸಿಕೊಂಡಿದ್ದಾರೆ. “ಮೇಡಂ, ಯಾವ ಬ್ಯಾಟರಿ ಹಾಕ್ಸ್ಲಿ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ತಲೆ ಕೆಟ್ಟೋಗಿದೆ” ಎಂದರು. ನಾನು ಗಂಟಲು ಸರಿಮಾಡಿಕೊಂಡು ಟ್ಯಾಂಕು, ಪೈಪು, ಎಮ್ಮೆ ಹಾಲು ಎಲ್ಲವನ್ನೂ ವಿವರಿಸಿದೆ. “ಎಮ್ಮೆ ಹಾಲಾ ಮೇಡಂ?” ಎಂದು ಅವರು ಕೇಳಿದ ರೀತಿಯಲ್ಲೇ ಅವರ ತಲೆ ಇನ್ನಷ್ಟು ಕೆಟ್ಟಿತೆಂದು ತಿಳಿಯಿತು. ಕೊನೆಗೆ ಹೇಳಿದೆ. “ಬ್ಯಾಟರಿ ಯಾವ್ದಾದ್ರೂ ಹಾಕ್ಸಿ. ಮೊದಲ್ನೇ ದಿನ ಓಡಿಸ್ವಾಗ ಯಾರಿಗಾದ್ರೂ ಹಿಂದೆ ಬರೋಕ್ಕೆ ಹೇಳಿ. ಏನು ಕಾಣ್ತು ಅಂತ ಆಮೇಲೆ ಕೇಳಿ.”

“ನನ್ ಹಿಂದೆ ಯಾರು ಬರ್ತಾರೆ ಮೇಡಂ?” ಎಂದರು. ದೂರಿನ ಧ್ವನಿಯಲ್ಲ. ನಿಜವಾಗಿಯೂ ಯೋಚಿಸಿ ಕೇಳಿದ ಧ್ವನಿ.

“ನಾನ್ ಬರ್ತೀನಿ” ಎಂದೆ.

ಈ ಭಾನುವಾರ ದೇವನಹಳ್ಳಿಗೆ ಹೊರಟಿದ್ದೇನೆ. ಸವಿತಾ ಮುಂದೆ, ಅವರ ಹಿಂದೆ ನಾನು. ಅಷ್ಟು ದೂರ ಒಬ್ಬಳೇ ಹೇಗೆ ಹೋಗ್ತೀಯ ಎಂದು ಯಜಮಾನರು ಕೇಳಿದರು. ಹೋಗಬಲ್ಲೆ, ನೀವು ಬರುವುದು ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಹೂಂ ಎಂದರು. ಆದರೆ ನಿನ್ನೆ ಸಂಜೆಯಿಂದ ಅಂಗಳದಲ್ಲಿ ಕೂತು, ಯಾವ ಕಾರಣವನ್ನೂ ಹೇಳದೆ, ತಮ್ಮ ಗಾಡಿಯ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾರೆ.